ಬೆಂಕಿಗೆ ಮುಖವಿದೆಯೇ?

ಕೆಲವು ವರ್ಷಗಳ ಹಿಂದೆ ಇಂಗ್ಲಿಷಿನ ಒಂದು ಸಣ್ಣಕತೆಯನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೆವು. ಕತೆ ದೊಡ್ಡದೇನಲ್ಲ. ಸುರಿಯುವ ಮಳೆಯ ರಾತ್ರಿ, ಸೋರುವ ಮಾಡು, ಮಗನ ಹೆಣದ ಮುಂದೆ ಕುಳಿತು ಅಳುವ ಒಬ್ಬ ಮುದುಕಿ. ಆ ಅಳುವಿಗೆ ಲೇಖಕ ಹಚ್ಚಿದ್ದು ಒಂದೇ ವಿಶೇಷಣ: 'ಎಲಿಮೆಂಟಲ್'. ಉಳಿದ ಪುಟಗಳನ್ನೆಲ್ಲ ಎರಡು ರಾತ್ರಿಯಲ್ಲಿ ಮುಗಿಸಿದ ನಾವು ಈ ಒಂದು ಪದದ ಮುಂದೆ ಹತ್ತು ದಿನ ಕೂತೆವು. ನಿಘಂಟು ತೆರೆದರೆ ಪಂಚಭೂತಗಳಿಗೆ ಸಂಬಂಧಿಸಿದ, ಪ್ರಕೃತಿಶಕ್ತಿಯಂಥ, ಮೂಲಭೂತ ಎಂದೆಲ್ಲ ಅರ್ಥಗಳು. ಮುದುಕಿ ಪಂಚಭೌತಿಕವಾಗಿ ಅತ್ತಳು ಎಂದು ಬರೆದರೆ ಓದುಗರು ನಗುತ್ತಾರೆ. ಮೂಲಭೂತವಾಗಿ ಅತ್ತಳು ಎಂದರೆ ಸರಕಾರಿ ಸುತ್ತೋಲೆಯಂತಾಗುತ್ತದೆ. (ಈ 'ಮೂಲಭೂತ'ದ ಬೆನ್ನಿಗೆ ಒಂದು 'ವಾದಿ' ಸೇರಿಕೊಂಡರೆ ಅದು ನಮ್ಮಂಥ ಹೆಸರಿನವರ ಮನೆ ಬಾಗಿಲನ್ನೇ ಮೊದಲು ಬಡಿಯುತ್ತದೆ. ಆ ಮಾತು ಇರಲಿ.)

ಆ ಹತ್ತು ದಿನಗಳ ಒಳಗೇ ನಮ್ಮೂರಿನಲ್ಲಿ ಒಂದು ಮೆರವಣಿಗೆಯ ಕಾರಣಕ್ಕೆ ಕಲ್ಲು ತೂರಾಟವಾಯಿತು. ಮರುದಿನ ನಮ್ಮ ಓಣಿಯ ಹೆಂಗಸೊಬ್ಬರು ಪತ್ರಿಕೆ ಹಿಡಿದು ಮನೆಗೆ ಬಂದರು. ಅವರ ಮಗ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ ಹುಡುಗ. ರಾತ್ರಿ ಕರೆದುಕೊಂಡು ಹೋದವರು ಇನ್ನೂ ಕಳಿಸಿರಲಿಲ್ಲ. "ಭಾಯ್, ಇದರಲ್ಲಿ ಅವನ ಹೆಸರು ಬಂದಿದೆಯಾ ನೋಡಿ" ಎಂದರು. ಓದಿ ಹೇಳಿದೆವು: ಯಾರ ಹೆಸರೂ ಇಲ್ಲ, ಸಮಾಜಘಾತುಕ ಶಕ್ತಿಗಳನ್ನು ವಶಕ್ಕೆ ಪಡೆಯಲಾಗಿದೆ ಎಂದಷ್ಟೇ ಇದೆ. "ಶಕ್ತಿ ಅಂದರೆ?" ಎಂದು ಕೇಳಿದರು. ತಾಕತ್ತು ಎಂದೆವು. ಅವರು ನಮ್ಮ ಮುಖವನ್ನೇ ನೋಡಿ, "ಅವನಿಗೆಲ್ಲಿಯ ತಾಕತ್ತು ಭಾಯ್, ಮೂರು ದಿನದಿಂದ ಜ್ವರ ಇತ್ತು" ಎಂದರು.

ಅವರು ಹೋದ ಮೇಲೆ ಬೇರೆ ಪತ್ರಿಕೆಗಳನ್ನು ತರಿಸಿ ನೋಡಿದೆವು. ಇಂಗ್ಲಿಷ್ ಪತ್ರಿಕೆಯಲ್ಲಿ 'ಆ್ಯಂಟಿ-ಸೋಷಿಯಲ್ ಎಲಿಮೆಂಟ್ಸ್' ಎಂದಿತ್ತು. ಉರ್ದು ಪತ್ರಿಕೆಯಲ್ಲಿ 'ಶರ್-ಪಸಂದ್ ಅನಾಸಿರ್', ಅಂದರೆ ಕೇಡನ್ನು ಬಯಸುವ ಎಲಿಮೆಂಟುಗಳು. ಒಂದು ಕಡೆ ನಮ್ಮ ಮೇಜಿನ ಮೇಲೆ ಮುದುಕಿಯ ಎಲಿಮೆಂಟಲ್ ಅಳು, ಇನ್ನೊಂದು ಕಡೆ ಠಾಣೆಯಲ್ಲಿ ಜ್ವರದಿಂದ ಬಳಲುವ ಒಬ್ಬ ಎಲಿಮೆಂಟು. ಈ ಪದದ ಬುಡ ಎಲ್ಲಿದೆ ಎಂದು ಹುಡುಕದೆ ಇನ್ನು ಅನುವಾದ ಸಾಧ್ಯವಿಲ್ಲ ಅನ್ನಿಸಿತು.

ಹುಡುಕಿದಾಗ ಸಿಕ್ಕ ಮೊದಲ ಸಂಗತಿಯೇ ನಮ್ಮನ್ನು ಬೆರಗುಗೊಳಿಸಿತು. ಬೆಂಕಿ, ಗಾಳಿ, ನೀರು, ಮಣ್ಣುಗಳನ್ನು ಸೂಚಿಸುವ ಈ ಪದ ಹುಟ್ಟಿದ್ದು ಬೆಂಕಿಯ ಹತ್ತಿರವೂ ಅಲ್ಲ, ನೀರಿನ ಹತ್ತಿರವೂ ಅಲ್ಲ. ಅದರ ಹಿಂದಿರುವುದು ಅಕ್ಷರ. ಗ್ರೀಕರು ಇದಕ್ಕೆ 'ಸ್ತೊಯ್ಖೆಯೊನ್' ಎನ್ನುತ್ತಿದ್ದರು. 'ಸ್ತೊಯ್ಖೋಸ್' ಎಂದರೆ ಸಾಲು. ಸಾಲಿನಲ್ಲಿ ನಿಲ್ಲುವಂಥದ್ದು ಸ್ತೊಯ್ಖೆಯೊನ್. ವರ್ಣಮಾಲೆಯ ಒಂದೊಂದು ವರ್ಣಕ್ಕೂ ಅದೇ ಹೆಸರು. ಯೂಕ್ಲಿಡನ ರೇಖಾಗಣಿತದ ಗ್ರಂಥಕ್ಕೂ ಅದೇ ಹೆಸರು, ಏಕೆಂದರೆ ಅದೂ ಮೊದಲ ಪಾಠಗಳ ಸಾಲು. ಈ ಪದವನ್ನು ಲೋಕದ ಮೂಲಸಾಮಗ್ರಿಗೆ ಹಚ್ಚಿದ ಕೀರ್ತಿಯನ್ನು ಪ್ರಾಚೀನರು ಪ್ಲೇಟೋಗೆ ಕೊಡುತ್ತಾರೆ. ಸ್ವತಃ ಪ್ಲೇಟೋ ತನ್ನ 'ತಿಮೇಯಸ್'ನಲ್ಲಿ ಇದನ್ನು ಅನುಮಾನದಿಂದಲೇ ನೋಡುತ್ತಾನೆ. ಬೆಂಕಿ, ನೀರುಗಳನ್ನು ಜಗತ್ತಿನ ಅಕ್ಷರಗಳೆಂದು ಕರೆಯುತ್ತಾರೆ, ಆದರೆ ಅವು ಅಕ್ಷರವಿರಲಿ, ಕಾಗುಣಿತದ ಮಟ್ಟಕ್ಕೂ ಬರುವುದಿಲ್ಲ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಇನ್ನೂ ಒಡೆಯಬಹುದಾದುದನ್ನು ಮೂಲ ಎನ್ನಬೇಡಿ ಎಂಬುದು ಅವನ ತಕರಾರು.

ರೋಮನರು ಇದನ್ನು ತಮ್ಮ ಭಾಷೆಗೆ ತರುವಾಗ 'ಎಲಿಮೆಂಟುಮ್' ಎಂಬ ಪದವನ್ನು ಆರಿಸಿಕೊಂಡರು. ಅದಕ್ಕೂ ಅಕ್ಷರ, ಮೂಲದ್ರವ್ಯ ಎಂಬ ಎರಡೂ ಅರ್ಥಗಳಿದ್ದವು. ಕ್ರಿಸ್ತಪೂರ್ವ ಮೊದಲ ಶತಮಾನದ ಕವಿ ಲುಕ್ರೀಶಿಯಸ್ ಈ ಎರಡು ಅರ್ಥಗಳನ್ನು ಒಟ್ಟಿಗೆ ಆಡಿಸಿದ: ಕೆಲವೇ ಅಕ್ಷರಗಳು ಸ್ಥಾನ ಬದಲಿಸಿ ಸಾವಿರ ಪದಗಳಾಗುವ ಹಾಗೆ, ಕೆಲವೇ ಬಗೆಯ ಕಣಗಳು ಸ್ಥಾನ ಬದಲಿಸಿ ಜಗತ್ತಾಗುತ್ತವೆ ಎಂಬುದು ಅವನ ದರ್ಶನ. ಎಲಿಮೆಂಟುಮ್ ಎಂಬ ಪದವೇ ಎಲ್ಲಿಂದ ಬಂತು ಎಂಬುದಕ್ಕೆ ನಿಘಂಟುಕಾರರಲ್ಲಿ ಒಮ್ಮತವಿಲ್ಲ. ಎಲ್, ಎಮ್, ಎನ್ ಎಂಬ ಮೂರು ಅಕ್ಷರಗಳ ಹೆಸರನ್ನೇ ಕೂಡಿಸಿ ಮಾಡಿದ್ದು ಎಂಬ ಊಹೆಯೊಂದು ಬಹುಕಾಲದಿಂದ ಇದೆ. ನಾವು ಅಆಇಈ ಎನ್ನುವಂತೆ, ಅಲಿಫ್-ಬೇ ಎನ್ನುವಂತೆ. ಊಹೆ ನಿಜವಿರಲಿ ಬಿಡಲಿ, ಕೇಳಲು ಹಿತವಾಗಿದೆ. ಇಂಗ್ಲಿಷಿನ 'ಎಲಿಮೆಂಟರಿ ಸ್ಕೂಲ್' ಎಂಬ ಮಾತಿನಲ್ಲಿ ಆ ಹಳೆಯ ಅಕ್ಷರದ ವಾಸನೆ ಇವತ್ತಿಗೂ ಉಳಿದಿದೆ.

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಮನೆಯಂಗಳದಲ್ಲೇ ಇದ್ದ ಪದ ಕಣ್ಣಿಗೆ ಬಿತ್ತು. ವಿಜ್ಞಾನದ ಮೇಷ್ಟ್ರು 'ಧಾತು' ಎಂದರೆ ಎಲಿಮೆಂಟು ಎಂದು ಹೇಳಿಕೊಟ್ಟಿದ್ದರು. ಮರುಗಂಟೆಗೆ ಬಂದ ಕನ್ನಡ ಮೇಷ್ಟ್ರು 'ಧಾತು' ಎಂದರೆ ಕ್ರಿಯಾಪದದ ಮೂಲರೂಪ, 'ಮಾಡು', 'ಹೋಗು', 'ಬರೆ' ಎಂದು ಹೇಳಿಕೊಟ್ಟಿದ್ದರು. ಒಂದೇ ದಿನ, ಒಂದೇ ಬೆಂಚಿನ ಮೇಲೆ ಕುಳಿತು ಎರಡನ್ನೂ ಉರು ಹೊಡೆದ ನಮಗೆ ಇವೆರಡೂ ಒಂದೇ ಪದವೆಂದು ಆಗ ಹೊಳೆದಿರಲಿಲ್ಲ. ಗ್ರೀಕರು ಮತ್ತು ಭಾರತೀಯರು ಇಬ್ಬರೂ ದ್ರವ್ಯದ ಮೂಲಕ್ಕೂ ಮಾತಿನ ಮೂಲಕ್ಕೂ ಒಂದೇ ಹೆಸರಿಟ್ಟಿದ್ದಾರೆ.

ಹಾಗಾದರೆ ಅಕ್ಷರವಾಗಿದ್ದದ್ದು ಬಿರುಗಾಳಿಯಾದದ್ದು ಹೇಗೆ?

ನಾಲ್ಕು ಮೂಲಗಳ ಲೆಕ್ಕ ಕ್ರಿಸ್ತಪೂರ್ವ 5ನೆಯ ಶತಮಾನದ ಎಂಪೆಡೊಕ್ಲಿಸನದು. ಸಿಸಿಲಿ ದ್ವೀಪದ ಈ ಮನುಷ್ಯ ಅವುಗಳನ್ನು 'ಬೇರುಗಳು' ಎಂದು ಕರೆದ. ಅವು ತಾವಾಗಿ ಕೂಡುವುದೂ ಇಲ್ಲ, ಅಗಲುವುದೂ ಇಲ್ಲ. ಕೂಡಿಸುವುದು ಪ್ರೀತಿ, ಅಗಲಿಸುವುದು ಕಲಹ ಎಂಬುದು ಅವನ ಸಿದ್ಧಾಂತ. ಅರಿಸ್ಟಾಟಲ್ ಆ ಪ್ರೀತಿ, ಕಲಹಗಳನ್ನು ಬದಿಗಿಟ್ಟು ಬಿಸಿ, ತಂಪು, ಒಣ, ತೇವ ಎಂಬ ನಾಲ್ಕು ಗುಣಗಳಿಂದ ಅದೇ ನಾಲ್ಕನ್ನು ವಿವರಿಸಿದ. ಆಕಾಶಕಾಯಗಳಿಗೆಂದು ಐದನೆಯದೊಂದನ್ನು ಸೇರಿಸಿದ. ಮುಂದೆ ಈ ವಿದ್ಯೆ ಅರಬ್ಬೀ ಭಾಷೆಗೆ ಬಂತು. ಅನುವಾದಕರಿಗೆ ನಮ್ಮದೇ ಪಾಡು: ಕೆಲವರು ಸ್ತೊಯ್ಖೆಯೊನ್ ಅನ್ನು ಹಾಗೆಯೇ ಎತ್ತಿಕೊಂಡು 'ಉಸ್ತುಕುಸ್ಸ್' ಮಾಡಿದರು, ಕೆಲವರು 'ಉನ್ಸುರ್' ಎಂಬ ಅರಬ್ಬೀ ಪದ ಬಳಸಿದರು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಎಂಬ ವೈದ್ಯಗ್ರಂಥದ ಆರಂಭದಲ್ಲೇ ಇವನ್ನು 'ಅರ್ಕಾನ್', ಅಂದರೆ ಕಂಬಗಳು, ಎಂದು ಕರೆದು ವಿವರಿಸುತ್ತಾರೆ. ಅಲ್ಲಿಂದ ಹರಿದು ಬಂದದ್ದೇ ನಮ್ಮ ಯುನಾನಿ ವೈದ್ಯ. ಚಿಕ್ಕಂದಿನಲ್ಲಿ ನಮ್ಮ ದಾದಿಮಾ ನಮ್ಮನ್ನು ಕರೆದೊಯ್ಯುತ್ತಿದ್ದ ಹಕೀಮರು ಮೊದಲು ನಾಡಿ ಹಿಡಿದು, "ಈ ಹುಡುಗನ ಮಿಜಾಜಿನಲ್ಲಿ ಗರ್ಮಿ ಜಾಸ್ತಿ ಅಮ್ಮಾ" ಎನ್ನುತ್ತಿದ್ದರು. ಮಿಜಾಜ್ ಎಂದರೆ ಬೆರಕೆ. ಕನ್ನಡದಲ್ಲಿ ಅದು ಏಕೋ ಬರಿಯ ಸೊಕ್ಕು ಎಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಹಕೀಮರ ಮಾತಿನಲ್ಲಿ ಯಾವ ಮನುಷ್ಯನೂ ಬರಿ ಬೆಂಕಿಯಲ್ಲ, ಬರಿ ಮಣ್ಣೂ ಅಲ್ಲ. ಕಾಯಿಲೆ ಎಂದರೆ ಸಾಲು ಕೆಡುವುದು, ಅಷ್ಟೇ. ಉರ್ದು ಕವಿ ಬ್ರಿಜ್ ನಾರಾಯಣ್ ಚಕಬಸ್ತರ (1882-1926) ಬಹು ಪ್ರಸಿದ್ಧವಾದ ಒಂದು ಶೇರ್ ನಿಂತಿರುವುದು 'ಅನಾಸಿರ್' ಮತ್ತು 'ತರ್ತೀಬ್' ಎಂಬ ಪದಗಳ ಮೇಲೆ. ತರ್ತೀಬ್ ಎಂದರೂ ಸಾಲು, ಕ್ರಮ. ಗ್ರೀಕರ ಆ ಹಳೆಯ ಸಾಲು ಲಖನೌದ ಒಬ್ಬ ವಕೀಲರ ಎರಡು ಸಾಲುಗಳವರೆಗೆ ನಡೆದು ಬಂದಿದೆ.

ಇಂಗ್ಲಿಷಿಗೆ 'ಎಲಿಮೆಂಟ್' ಫ್ರೆಂಚ್ ಮೂಲಕ ಬಂತು. ಅದರ ಬೆನ್ನಿಗೆ 15ನೆಯ ಶತಮಾನದ ಹೊತ್ತಿಗೆ 'ಎಲಿಮೆಂಟಲ್' ಬಂತು. 16ನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಈ ನಾಲ್ಕರಲ್ಲಿ ಒಂದೊಂದರೊಳಗೂ ಒಂದೊಂದು ಬಗೆಯ ಜೀವಿಗಳು ವಾಸಿಸುತ್ತವೆ ಎಂದು ಬರೆದ. ಮಣ್ಣಿನಲ್ಲಿ ಕುಬ್ಜರು, ನೀರಿನಲ್ಲಿ ಜಲಕನ್ಯೆಯರು, ಗಾಳಿಯಲ್ಲಿ ಸಿಲ್ಫ್‌ಗಳು, ಬೆಂಕಿಯಲ್ಲಿ ಸಾಲಮಾಂಡರುಗಳು. ಇಂಥ ಅಗೋಚರ ಜೀವಿಗಳಿಗೂ ಇಂಗ್ಲಿಷಿನಲ್ಲಿ 'ಎಲಿಮೆಂಟಲ್' ಎಂದೇ ಹೆಸರಾಯಿತು. ಇಲ್ಲಿ ಕನ್ನಡದ ಓದುಗರು ಮುಗುಳ್ನಗಬೇಕು. ನಮ್ಮ 'ಭೂತ' ಪಂಚಭೂತಗಳಲ್ಲಿ ಒಂದೂ ಹೌದು, ಹುಣಸೆಮರದ ದೆವ್ವವೂ ಹೌದು, ತುಳುನಾಡಿನಲ್ಲಿ ಕೋಲ ಕಟ್ಟಿಸಿಕೊಂಡು ನ್ಯಾಯ ಹೇಳುವ ದೈವವೂ ಹೌದು. ಸಂಸ್ಕೃತದಲ್ಲಿ 'ಆದದ್ದು' ಎಂಬುದು ಅದರ ಮೂಲಾರ್ಥವಾದ್ದರಿಂದ ಕಳೆದುಹೋದ ಕಾಲ ಭೂತಕಾಲವಾಯಿತು, ಹುಟ್ಟಿದ ಜೀವಗಳೆಲ್ಲ ಭೂತಗಳಾದವು. ಜೀವಿಗಳ ಮೇಲಿನ ಕರುಣೆಗೆ 'ಭೂತದಯೆ' ಎನ್ನುವ ಭಾಷೆ ನಮ್ಮದು. ಒಂದೇ ಪದದೊಳಗೆ ಬೆಂಕಿಯೂ ದೆವ್ವವೂ ದಯೆಯೂ ಇರುವುದು ಸಣ್ಣ ಐಶ್ವರ್ಯವಲ್ಲ.

ರಸಾಯನಶಾಸ್ತ್ರಜ್ಞರು ಮಾತ್ರ ಈ ಎಲ್ಲ ಕಾವ್ಯವನ್ನು ಗುಡಿಸಿಹಾಕಿದರು. ಲವಾಸಿಯೆ 1789ರಲ್ಲಿ 33 ಸರಳ ದ್ರವ್ಯಗಳ ಪಟ್ಟಿ ಕೊಟ್ಟ. ಒಡೆದು ಒಡೆದು ಇನ್ನು ಒಡೆಯಲಾಗದು ಎಂದು ನಿಲ್ಲುವ ತಾಣವೇ ಎಲಿಮೆಂಟು ಎಂದ. ನೀರು ಪಟ್ಟಿಯಿಂದ ಹೊರಬಿತ್ತು, ಅದನ್ನು ಒಡೆಯಬಹುದಾಗಿತ್ತು. ಗಾಳಿಯೂ ಮಣ್ಣೂ ಹೊರಬಿದ್ದವು. ಬೆಂಕಿಯ ಅಂಶ ಮಾತ್ರ 'ಕ್ಯಾಲೊರಿಕ್' ಎಂಬ ವೇಷದಲ್ಲಿ ಕೆಲಕಾಲ ಉಳಿಯಿತು. ಇವತ್ತಿನ ಪಟ್ಟಿಯಲ್ಲಿ 118 ಧಾತುಗಳಿವೆ, ಹಳೆಯ ನಾಲ್ಕರಲ್ಲಿ ಒಂದೂ ಇಲ್ಲ. ಆದರೆ ಪ್ರಯೋಗಶಾಲೆಯಿಂದ ಹೊರಹಾಕಿಸಿಕೊಂಡ ಈ ನಾಲ್ಕು, ಭಾಷೆಯಲ್ಲಿ ಮೊದಲಿಗಿಂತ ಗಟ್ಟಿಯಾಗಿ ನೆಲೆಯೂರಿದವು. 'ದಿ ಎಲಿಮೆಂಟ್ಸ್' ಎಂದರೆ ಇಂಗ್ಲಿಷಿನಲ್ಲಿ ಈಗಲೂ ಮಳೆ, ಗಾಳಿ, ಚಳಿ. 'ಎಲಿಮೆಂಟಲ್' ಎಂದರೆ ತಡೆಯಲಾಗದ್ದು, ಹದ್ದುಬಸ್ತಿಗೆ ಸಿಗದ್ದು, ಯಾರ ಮಾತನ್ನೂ ಕೇಳದ್ದು.

ನಮ್ಮ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಯಾರ ಮಾತನ್ನೂ ಕೇಳದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಶೇಕ್ಸ್‌ಪಿಯರನ ಲಿಯರ್ ದೊರೆ ಬಿರುಗಾಳಿಯ ರಾತ್ರಿ ಬಯಲಲ್ಲಿ ನಿಂತು ಮಳೆಗಾಳಿಗಳಿಗೆ ಹೇಳುವುದೂ ಇದನ್ನೇ. ನಿಮ್ಮ ಮೇಲೆ ನನಗೆ ದೂರಿಲ್ಲ, ನಿಮಗೆ ನಾನು ರಾಜ್ಯ ಕೊಟ್ಟಿರಲಿಲ್ಲ, ನಿಮ್ಮನ್ನು ಮಕ್ಕಳೆಂದು ಕರೆದಿರಲಿಲ್ಲ ಎಂಬರ್ಥದ ಅವನ ಮಾತನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಬುದ್ಧಿ ಕೆಡುತ್ತಿರುವ ಆ ಮುದುಕನಿಗೂ ಗಾಳಿ ಬೇರೆ, ಮಗಳು ಬೇರೆ ಎಂಬ ತಿಳಿವಳಿಕೆ ಇತ್ತು. ಬಾಗಿಲು ಮುಚ್ಚಿದವರು ಮಕ್ಕಳು, ಮಳೆಯಲ್ಲ.

ಆ ತಿಳಿವಳಿಕೆ ನಮಗಿದೆಯೇ? 1755ರ ನವೆಂಬರ್ 1ರ ಬೆಳಿಗ್ಗೆ ಲಿಸ್ಬನ್ ನಗರ ಕಂಪಿಸಿತು. ಸರ್ವಸಂತರ ಹಬ್ಬದ ದಿನವಾದ್ದರಿಂದ ಜನ ಇಗರ್ಜಿಗಳಲ್ಲಿದ್ದರು. ಭೂಮಿ ಅಲುಗಿದ ಮೇಲೆ ಸಮುದ್ರ ಉಕ್ಕಿ ಬಂತು, ಆಮೇಲೆ ಬೆಂಕಿ ಹಲವು ದಿನ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ವೊಲ್ತೇರ್ ಕವಿತೆ ಬರೆದು ದೇವರ ನ್ಯಾಯವನ್ನು ಪ್ರಶ್ನಿಸಿದ. 1756ರಲ್ಲಿ ರೂಸೋ ಅವನಿಗೆ ಕಾಗದ ಬರೆದು ಬೇರೆಯದೇ ಪ್ರಶ್ನೆ ಎತ್ತಿದ: ಆರು ಏಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೇ ಕಡೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯೇನು? ಈ ಪ್ರಶ್ನೆ ಇನ್ನೂ ಹಳತಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಚಹಾದಂಗಡಿಯ ಸಂಸಾರವನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿದಾಗ ನಾವೆಲ್ಲ 'ಪ್ರಕೃತಿ ವಿಕೋಪ' ಎಂದೆವು. ವಿಕೋಪ ಎಂದರೆ ಸಿಟ್ಟು. ಸಿಟ್ಟು ಗುಡ್ಡದ್ದಾದರೆ, ರಸ್ತೆಗಾಗಿ ಅದರ ಬುಡ ಕಡಿದವರ ಲೆಕ್ಕ ಯಾರು ಕೇಳುತ್ತಾರೆ?

ಪ್ರಕೃತಿಯ ಕೆಲಸದಲ್ಲಿ ಮನುಷ್ಯನ ಕೈಯನ್ನು ಮರೆಸುವುದು ಒಂದು ಬಗೆ. ಇದರ ತಿರುವುಮುರುವು ಇನ್ನೂ ಹೆಚ್ಚು ಅಪಾಯದ್ದು: ಮನುಷ್ಯರೇ ಮಾಡಿದ್ದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯುವುದು. ಗಲಭೆ 'ಭುಗಿಲೇಳುತ್ತದೆ'. ಪಕ್ಕದ ಬಡಾವಣೆಗೆ 'ಹಬ್ಬುತ್ತದೆ'. ಮರುದಿನ ಊರು 'ಬೂದಿ ಮುಚ್ಚಿದ ಕೆಂಡ'ವಾಗುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ ಎಂದು ನ್ಯೂಟನ್ನನನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ. 1984ರಲ್ಲಿ ದೆಹಲಿಯೊಂದರಲ್ಲೇ ಸರಕಾರಿ ಲೆಕ್ಕದಂತೆ 2,733 ಸಿಖ್ಖರು ಕೊಲೆಯಾದರು. ಆ ನವೆಂಬರ್ 19ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸಾರ್ವಜನಿಕ ಸಭೆಯಲ್ಲಿ ಹೇಳಿದ್ದು, ದೊಡ್ಡ ಮರ ಬಿದ್ದಾಗ ನೆಲ ಅದುರುವುದು ಸಹಜ ಎಂಬರ್ಥದ ಮಾತನ್ನು. ನೆಲ ಅದುರಿತು ಎಂದಮೇಲೆ ಕೊಂದವರು ಯಾರು? ಮಾಜಿ ಸಂಸದ ಸಜ್ಜನ್ ಕುಮಾರ್ ಅವರಿಗೆ ದೆಹಲಿ ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ. ಅದುರಿದ ನೆಲಕ್ಕೆ ಒಂದು ಹೆಸರು ಸಿಗಲು 34 ವರ್ಷ ಬೇಕಾಯಿತು.

ನಾವೇನೂ ಸಾಚಾ ಅಲ್ಲ. ನಮ್ಮ ಮೊದಮೊದಲ ಕತೆಗಳಲ್ಲಿ ಒಂದು, ನಾವಿನ್ನೂ ಶಾಲೆಗೆ ಹೋಗುತ್ತಿದ್ದಾಗ ನಮ್ಮೂರಿನಲ್ಲಿ ನಡೆದ ಗಲಭೆಯ ಕುರಿತದ್ದು. ಅದರಲ್ಲಿ ಗುಂಪನ್ನು ನೆರೆ ಬಂದ ಹೊಳೆಯ ಹಾಗೆ ವರ್ಣಿಸಿದ್ದೆವು. ಕೆಂಪು ನೀರು, ಸುಳಿ, ಕೊಚ್ಚಿಕೊಂಡು ಹೋದ ಅಂಗಡಿಗಳು. ವಿಮರ್ಶಕರು ಮೆಚ್ಚಿಕೊಂಡ ಭಾಗವೇ ಅದು. ಕತೆ ಅಚ್ಚಾದ ತಿಂಗಳು, ಆ ಗಲಭೆಯಲ್ಲಿ ಅಂಗಡಿ ಕಳೆದುಕೊಂಡಿದ್ದ ವೃದ್ಧ ಶೆಟ್ಟರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಕತಿ ಓದಿದೆ ಸಾಬ್ರೇ, ಚೊಲೋ ಬರದೀರಿ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಹೊಳಿಗೆ ಮಾರಿ ಇರೂದಿಲ್ರೀ. ನನ್ನ ಅಂಗಡಿಗೆ ಬಂದವ್ರಿಗೆ ಮಾರಿ ಇತ್ತು. ಮೂರು ಮಂದಿ ಗುರ್ತು ನನಗ ಇತ್ತು. ಒಬ್ಬ ನನ್ನ ಹತ್ರ ಉದ್ರಿ ಒಯ್ತಿದ್ದ" ಎಂದರು. ಬಂದವರು ನಮ್ಮ ಕಡೆಯ ಹುಡುಗರು ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನೆರೆಯ ಉಪಮೆ ಕತೆಯನ್ನು ಚಂದಗೊಳಿಸಿತ್ತು ನಿಜ, ಆದರೆ ಆ ಮೂವರನ್ನು ಬಚ್ಚಿಟ್ಟೂ ಇತ್ತು. ಆ ಕತೆಯನ್ನು ಮುಂದೆ ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ಶೆಟ್ಟರ ಅಂಗಡಿಯ ವಿಷಯದಲ್ಲಿ ಈ ಭಾಷೆ ತಪ್ಪಿತಸ್ಥರನ್ನು ಪಾರು ಮಾಡಿತು. ಭಟ್ಟಿಯ ಹುಡುಗನ ವಿಷಯದಲ್ಲಿ ಅದೇ ಭಾಷೆ ಏನು ಮಾಡಿತು ನೋಡಿ. ಕಲ್ಲು ಎಸೆದವನಿಗೆ ಹೆಸರು ಬೇಕು, ದಿನ ಬೇಕು, ಸಾಕ್ಷಿ ಬೇಕು. 'ಎಲಿಮೆಂಟಿ'ಗೆ ಇದಾವುದೂ ಬೇಡ. ಅವನು ಏನು ಮಾಡಿದ ಎಂದು ಕೇಳಬೇಕಾಗಿಲ್ಲ, ಯಾವುದರಿಂದ ಆದವನು ಎಂದು ಗೊತ್ತಾದರೆ ಸಾಕು. ಯಾವ ಓಣಿ, ಯಾರ ಮಗ, ಏನು ಹೆಸರು. ಗುಂಪಿನಲ್ಲಿ ಇದ್ದವನನ್ನು ಮರೆಮಾಡುವ ಪದವೇ ಗುಂಪಿನಲ್ಲಿ ಇಲ್ಲದವನನ್ನು ಎಳೆದು ತರುತ್ತದೆ.

ಕುರ್‌ಆನ್ ಹಲವು ಅಧ್ಯಾಯಗಳಲ್ಲಿ ಹೇಳುವ ಆದಮರ ಪ್ರಸಂಗವನ್ನು ಎಲಿಮೆಂಟುಗಳ ಕತೆಯಾಗಿಯೂ ಓದಬಹುದು ಎಂದು ನಮಗೆ ಹೊಳೆದದ್ದು ಈ ಹುಡುಕಾಟದಲ್ಲಿಯೇ. ದೇವಚರರೆಲ್ಲ ಆದಮರಿಗೆ ತಲೆಬಾಗಿದಾಗ ಇಬ್ಲೀಸ್ ಬಾಗಲಿಲ್ಲ. ಅವನು ಕೊಟ್ಟ ಕಾರಣ ಒಂದೇ: ತಾನು ಬೆಂಕಿಯಿಂದ ಆದವನು, ಇವನು ಮಣ್ಣಿನಿಂದ ಆದವನು. ಆದಮರು ಆಗಿನ್ನೂ ಯಾವ ತಪ್ಪೂ ಮಾಡಿರಲಿಲ್ಲ. ಇಬ್ಲೀಸನ ದೂರು ಮಾಡಿದ್ದರ ಮೇಲಲ್ಲ, ಆದದ್ದರ ಮೇಲೆ. ಅಲ್ ಬಕರ ಅಧ್ಯಾಯದಲ್ಲಿ ಈ ತಲೆಬಾಗುವಿಕೆಗೆ ಮೊದಲು ಇನ್ನೊಂದು ಸಂಗತಿ ಬರುತ್ತದೆ. ಅಲ್ಲಾಹನು ಆದಮರಿಗೆ ಎಲ್ಲ ವಸ್ತುಗಳ ಹೆಸರುಗಳನ್ನು ಕಲಿಸುತ್ತಾನೆ. ದೇವಚರರಿಗೂ ತಿಳಿಯದ ಆ ಹೆಸರುಗಳನ್ನು ಮಣ್ಣಿನ ಆದಮರು ಹೇಳುತ್ತಾರೆ. ಇಬ್ಲೀಸನಿಗೆ ಮಣ್ಣು ಕಂಡಿತು, ಹೆಸರು ಹೇಳಬಲ್ಲ ನಾಲಗೆ ಕಾಣಲಿಲ್ಲ. ಗ್ರೀಕರ ಮಾತಿನಲ್ಲಿ ಹೇಳುವುದಾದರೆ ಆ ಪದದ ಒಂದು ಅರ್ಥ ಕಂಡಿತು, ಅಕ್ಷರ ಎಂಬ ಇನ್ನೊಂದು ಅರ್ಥ ಕಾಣಲಿಲ್ಲ.

ಆಧುನಿಕ ಅರಬ್ಬಿಯಲ್ಲಿ ಜನಾಂಗದ್ವೇಷಕ್ಕೆ, ಮೈಬಣ್ಣ ನೋಡಿ ಮನುಷ್ಯನನ್ನು ಅಳೆಯುವ ಆ ರೋಗಕ್ಕೆ, ಇರುವ ಪದ 'ಉನ್ಸುರಿಯ್ಯಾ'. ಎಲಿಮೆಂಟಿಗೆ ಇರುವ ಅದೇ 'ಉನ್ಸುರ್' ಪದಕ್ಕೆ ಬಾಲ ಹಚ್ಚಿ ಮಾಡಿದ್ದು. ಇದನ್ನು ಕಂಡು ನಾವು ಬಹಳ ಹೊತ್ತು ಪುಸ್ತಕ ಮಡಚಿಟ್ಟು ಕುಳಿತಿದ್ದೆವು. ಬೇರೆಯವರತ್ತ ಬೆರಳು ಮಾಡುವುದು ಸುಲಭ. ನಮ್ಮ ಮನೆಗಳಲ್ಲೇ ಹೆಣ್ಣು ಗಂಡಿನ ಮಾತು ಬಂದಾಗ ಖಾನ್‌ದಾನ್ ಕೇಳುವವರು, ಹುಡುಗ ಒಳ್ಳೆಯವನೇ ಆದರೆ ಪಿಂಜಾರರ ಮನೆಯವನು ಎಂದು ದನಿ ಇಳಿಸುವವರು, ಮಸೀದಿಯ ಸಾಲಿನಲ್ಲಿ ಮಾತ್ರ ಭುಜಕ್ಕೆ ಭುಜ ಹಚ್ಚಿ ನಿಲ್ಲುತ್ತಾರೆ. ಅವರ ತರ್ಕ ಯಾರಿಂದ ಬಂದದ್ದು ಎಂದು ಅವರನ್ನು ಕೇಳಬೇಕೆನಿಸುತ್ತದೆ. ಕೇಳಿಲ್ಲ. ಅವರಲ್ಲಿ ಕೆಲವರು ನಮ್ಮ ನೆಂಟರೇ.

ಹಾಗೆಂದು 'ಎಲಿಮೆಂಟಲ್' ಪದವನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಹಸಿವು, ಭಯ, ಹೆತ್ತವರ ದುಃಖ ಇವು ನಿಜಕ್ಕೂ ಯಾರ ಅಪ್ಪಣೆಗೂ ಕಾಯುವುದಿಲ್ಲ. ಹೆಣದ ಮುಂದಿನ ಮುದುಕಿಯ ಅಳುವನ್ನು ಮಳೆಗೆ ಹೋಲಿಸಿದರೆ ಯಾವ ಅಪರಾಧಿಯೂ ತಪ್ಪಿಸಿಕೊಳ್ಳುವುದಿಲ್ಲ, ಯಾವ ನಿರಪರಾಧಿಯೂ ಸಿಕ್ಕಿಬೀಳುವುದಿಲ್ಲ. ಸಂಕಟವನ್ನು ಪ್ರಕೃತಿಯ ಭಾಷೆಯಲ್ಲಿ ಹೇಳಲು ನಮಗೆ ಅಡ್ಡಿಯಿಲ್ಲ. ಕೃತ್ಯವನ್ನು ಹಾಗೆ ಹೇಳುವುದಕ್ಕೆ ಮಾತ್ರ ನಮ್ಮ ತಕರಾರು. ಆದರೂ ಆ ಕತೆಯಲ್ಲಿ ಮುದುಕಿಯ ಮಗ ಸತ್ತದ್ದು ಸಿಡಿಲು ಬಡಿದು ಅಲ್ಲ, ಯಾರೋ ಇರಿದು ಸತ್ತಿದ್ದ ಎಂಬುದು ನೆನಪಾದಾಗ ನಮ್ಮ ಪೆನ್ನು ಮತ್ತೆ ತಡೆಯಿತು.

ಭಟ್ಟಿಯ ಹುಡುಗ ಹತ್ತೊಂಬತ್ತನೆಯ ದಿನ ಮನೆಗೆ ಬಂದ. ಮೊಕದ್ದಮೆ ಹಾಕಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅವನ ತಾಯಿ ಒಂದು ಪೊಟ್ಟಣ ಮಂಡಕ್ಕಿ ತಂದುಕೊಟ್ಟು, "ಭಾಯ್, ಈಗ ಪೇಪರಿನಲ್ಲಿ ಬರುತ್ತದಾ, ಅವನೇನೂ ಮಾಡಿರಲಿಲ್ಲ ಅಂತ?" ಎಂದು ಕೇಳಿದರು. ಹೆಸರೇ ಹಾಕದವರು ಹೆಸರನ್ನು ತೆಗೆಯುವುದು ಹೇಗೆ ಎಂದು ಅವರಿಗೆ ವಿವರಿಸಲು ನಮಗೆ ಉರ್ದುವಿನಲ್ಲೂ ಮಾತು ಸಿಗಲಿಲ್ಲ, ಕನ್ನಡದಲ್ಲೂ ಸಿಗಲಿಲ್ಲ.

ಅನುವಾದದಲ್ಲಿ ಕೊನೆಗೆ ಆ ವಿಶೇಷಣವನ್ನು ಬಿಟ್ಟೆವು. ಮಳೆ ಸುರಿಯುತ್ತಿತ್ತು, ಮುದುಕಿ ಅಳುತ್ತಿದ್ದಳು ಎಂದಷ್ಟೇ ಬರೆದು ಎರಡನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದೆವು. ಮೂಲದೊಂದಿಗೆ ಹೋಲಿಸಿ ನೋಡಿದ ಸಂಪಾದಕರು ಫೋನು ಮಾಡಿ, "ಸಾರ್, ಇಲ್ಲೊಂದು ಪದ ಕೈಬಿಟ್ಟು ಹೋಗಿದೆ" ಎಂದರು. ಗೊತ್ತಿದೆ, ಹಾಗೆಯೇ ಇರಲಿ ಎಂದೆವು.